ಡಸ್ಟಿ ರೋಲಿನ್ಸ್ ಎಂಬ ಹೆಸರು

"ನೀವೇ ತಾನೆ?" ಎಂದು ಹುಡುಗ ಕೇಳಿದಾಗ ವೆಂಡೆಲ್ ಕ್ರೌಸ್ ಇನ್ನೂ ಟ್ರಕ್ಕಿನ ಬಾಗಿಲು ಹಾಕಿರಲಿಲ್ಲ. ಗಾಳಿ ಬಾಗಿಲನ್ನೇ ಕಿತ್ತೊಯ್ಯುವಂತೆ ಬೀಸುತ್ತಿತ್ತು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಟೋಪಿ ಹಿಡಿದುಕೊಂಡೇ ಅವನು ಎದುರಿಗಿದ್ದವನನ್ನು ನೋಡಿದ. ಮೂವತ್ತು ದಾಟಿರದ ಮುಖ, ಹೊಸ ಬೂಟು, ಯಾರಿಂದಲೋ ಎರವಲು ತಂದಂತಿದ್ದ ಕರಿ ಕೋಟು. ಹಿಂದೆ ಚರ್ಚಿನ ಗೋಡೆಗೆ ಒತ್ತಿ ನಿಲ್ಲಿಸಿದ್ದ ರೇಡಿಯೋ ಸ್ಟೇಷನ್ನಿನ ವ್ಯಾನು. ಅದರ ಮೈಮೇಲೆ ಕೆಂಪಕ್ಷರದಲ್ಲಿ 'ಡಸ್ಟಿ ರೋಲಿನ್ಸ್ ಜೊತೆ ನಿಮ್ಮ ಬೆಳಗು'.

"ನಾನು ಯಾರಂತ ನಿನಗೆ ಹೇಗೆ ಗೊತ್ತು?"

"ಸ್ಟೇಷನ್ನಿನ ಕಕ್ಕಸಿನ ಗೋಡೆ ಮೇಲೆ ನಿಮ್ಮ ಫೋಟೋ ಇದೆ. ಬೇರೆ ಎಲ್ಲಾ ಕಡೆ ತೆಗೆಸಿದ್ರು, ಅಲ್ಲೊಂದು ಮರ್ತಿದ್ದಾರೆ." ಹುಡುಗ ನಗಲಿಲ್ಲ. "ನಾನು ಟ್ರೆಂಟ್. ಅಂದ್ರೆ, ಈಗ ಡಸ್ಟಿ."

ಆ ಹೆಸರು ಯಾರದೂ ಆಗಿರಲಿಲ್ಲ. ವಿಚಿಟಾದ ಆ ಸ್ಟೇಷನ್ನು ಮೊದಮೊದಲು ಸಿರಿವಂತರ ಊಟದ ಹೊತ್ತಿಗೆ ಒಪ್ಪುವ ಪಿಯಾನೋ ಸಂಗೀತ ಹಾಕುತ್ತಿತ್ತು, ಕೇಳುವವರಿರಲಿಲ್ಲ. ವಿಮಾನದ ಕಾರ್ಖಾನೆಗಳಿಗೆಂದು ಸುತ್ತಲ ಹಳ್ಳಿಗಳಿಂದ ಜನ ಬಂದು ಊರು ತುಂಬಿಕೊಂಡಾಗ, ಮುದುಕ ಮಾಲೀಕ ಒಂದು ಬೆಳಿಗ್ಗೆ ಪಿಯಾನೋ ರೆಕಾರ್ಡುಗಳನ್ನೆಲ್ಲ ಉಗ್ರಾಣಕ್ಕೆ ಹಾಕಿಸಿ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಹಚ್ಚಿಸಿದ. ಹಾಡೆಲ್ಲ ಬಿಟ್ಟುಬಂದ ಮನೆಯದು, ಬಿಟ್ಟುಹೋದ ಹೆಂಡತಿಯದು. ಅದನ್ನು ಹಾಕುವವನಿಗೂ ಮೈಗೆ ಧೂಳು ಮೆತ್ತಿದ ಕುದುರೆ ಸವಾರನಂಥ ಹೆಸರು ಬೇಕಿತ್ತು. ಡಸ್ಟಿ ಹುಟ್ಟಿದ್ದು ಹಾಗೆ, ಮಾಲೀಕನ ಊಟದ ಮೇಜಿನ ಮೇಲೆ. ಮೊದಲ ಡಸ್ಟಿ ಎರಡೇ ವರ್ಷಕ್ಕೆ ಟೆಕ್ಸಾಸಿಗೆ ಹೋಗಿಬಿಟ್ಟ. ಎರಡನೆಯವನು ವೆಂಡೆಲ್. ದಿನಸಿ ಅಂಗಡಿಯವನ ಮಗ, ಜನ್ಮದಲ್ಲಿ ಕುದುರೆ ಹತ್ತಿದವನಲ್ಲ. ಆದರೂ ಇಪ್ಪತ್ತು ವರ್ಷಕ್ಕೂ ಮೇಲೆ ಆ ಹೆಸರು ಹೊತ್ತ. ಮುದುಕ ಸತ್ತ, ಅಳಿಯ ಬಂದ. "ಧ್ವನಿಗೆ ವಯಸ್ಸಾಯ್ತು ವೆಂಡೆಲ್," ಎಂದ. ಕೊನೆಯ ದಿನ ಕೇಳುಗರಿಗೆ ಹೋಗಿಬರ್ತೀನಿ ಎನ್ನಲೂ ಬಿಡಲಿಲ್ಲ. ಡಸ್ಟಿ ಎಲ್ಲಿಗೂ ಹೋಗುತ್ತಿಲ್ಲವಲ್ಲ?

ಆಮೇಲಿನ ವರ್ಷದಲ್ಲಿ ವೆಂಡೆಲ್ ಮಾತಾಡಿದ್ದು ಕಮ್ಮಿ. ಕೆಲವು ದಿನ ಸಂಜೆ ಅಂಗಡಿಯಲ್ಲಿ ಬ್ರೆಡ್ಡು ಕೇಳಲು ಬಾಯಿ ತೆರೆದಾಗಲೇ ಆ ದಿನದ ಮೊದಲ ಮಾತು ಅದು ಎಂದು ಗೊತ್ತಾಗುತ್ತಿತ್ತು. ಗಂಟಲು ಕೆಮ್ಮಿ ಸರಿಮಾಡಿಕೊಂಡು ಇನ್ನೊಮ್ಮೆ ಕೇಳಬೇಕಾಗುತ್ತಿತ್ತು.

"ತೀರಿಹೋದವರ ಮನೆಯವರು ಡಸ್ಟೀನೇ ಬಂದು ನಾಲ್ಕು ಮಾತು ಹೇಳ್ಬೇಕು ಅಂದ್ರು," ಎಂದ ಟ್ರೆಂಟ್. "ನನಗೆ ಆಕೆ ಗುರುತೇ ಇಲ್ಲ. ಏನು ಹೇಳ್ಲಿ?"

"ನಿನಗೆ ಫೋನ್ ಮಾಡ್ತಿರ್ಲಿಲ್ವಾ ಆರ್ವಿಲ್ಲಾ?"

"ಒಂದೇ ಸಲ ಮಾಡಿದ್ದು. ನಾನು ಹಲೋ ಅಂದೆ. 'ನೀನಲ್ಲ' ಅಂದು ಇಟ್ಬಿಟ್ರು."

ವೆಂಡೆಲ್ ಟ್ರಕ್ಕಿನ ಬಾಗಿಲು ಹಾಕಿದ. ಸರಿಯಾಗಿ ಹತ್ತಲಿಲ್ಲ. ಮತ್ತೆ ತೆರೆದು ಹಾಕಿದ.

ಆರ್ವಿಲ್ಲಾ ಪೆನ್ನರ್ ಊರಾಚೆಯ ಗೋಧಿ ಹೊಲದ ಮನೆಯಿಂದ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದವಳು. "ಡಸ್ಟೀ, ಎದ್ದಿದ್ದೀಯೋ, ನಿದ್ದೇಲೇ ಹಾಡು ಹಾಕ್ತಿದ್ದೀಯೋ?" ಎಂದೇ ಶುರು. ಹಿಂದೆ ಬಾಣಲೆಯಲ್ಲಿ ಹಂದಿಮಾಂಸ ಚುರುಗುಟ್ಟುವುದು ಕೇಳಿಸುತ್ತಿತ್ತು. ಒಮ್ಮೆಯೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಕೆಲಸ ಹೋದ ಮೇಲೆ ಅವನು ಒಂದು ಸಲ ಅವಳ ನಂಬರು ತಿರುಗಿಸಿದ್ದ. ಯಾರೋ ಗಂಡಸು ಎತ್ತಿಕೊಂಡು "ಯಾರು?" ಎಂದಾಗ ಡಸ್ಟಿ ಎನ್ನಲು ಬಾಯಿ ಬರಲಿಲ್ಲ. ವೆಂಡೆಲ್ ಎಂದರೆ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಾಗೇ ಇಟ್ಟಿದ್ದ. ಪತ್ರಿಕೆಯಲ್ಲಿ ಸಾವಿನ ಸುದ್ದಿ ನೋಡಿ ಇಲ್ಲಿಗೆ ಬಂದಿದ್ದ.

"ಪಿಟೀಲು ಅಂದ್ರೆ ಆಗ್ತಿರ್ಲಿಲ್ಲ ಅವಳಿಗೆ," ಎಂದ ವೆಂಡೆಲ್. "ಬೆಕ್ಕಿನ ಬಾಲ ತುಳಿದ್ಯಾ ಅಂತ ಬೈತಿದ್ಳು. ಕ್ರಿಸ್ಮಸ್ಸಿಗೆ ಪೀಚ್ ಹಣ್ಣಿನ ಜಾಮು ಕಳಿಸೋಳು, ನೀನು ಹಾಕೋ ಹಾಡಿಗಿಂತ ಇದು ಸಿಹಿ ಅಂತ ಮೇಲೆ ಚೀಟಿ ಅಂಟಿಸಿ. ಆಲಿಕಲ್ಲು ಬಿದ್ದು ಪೈರು ಮಲಗಿದ ವರ್ಷ ಕುಣಿಯೋ ಹಾಡೇ ಬೇಕು ಅಂತ ಹಟ ಹಿಡಿದು ಹಾಕಿಸಿದ್ಳು. ಇಷ್ಟು ಸಾಕಲ್ಲ?"

"ಇನ್ನೇನಾದ್ರೂ?"

ಇನ್ನೊಂದಿತ್ತು. ಆರ್ವಿಲ್ಲಾಳ ಮಗ ಕೆರೆಯಲ್ಲಿ ಮುಳುಗಿ ಹೋದ ಮೇಲೆ ಬಹಳ ದಿನ ಅವಳ ಫೋನ್ ಬರಲಿಲ್ಲ. ಬಂದ ದಿನ ಅವಳು ಹಾಡು ಕೇಳಲಿಲ್ಲ. "ಸುಮ್ನೆ ಇರ್ತೀಯಾ ಡಸ್ಟಿ, ಫೋನ್ ಇಡ್ಬೇಡ," ಎಂದಳು. ಅವನು ಒಂದರ ಹಿಂದೊಂದು ಹಾಡು ಹಚ್ಚುತ್ತಾ, ನಡುವೆ ಮೈಕಿನಲ್ಲಿ ಒಂದು ಮಾತೂ ಆಡದೆ, ಕಿವಿಗೆ ಫೋನ್ ಒತ್ತಿಕೊಂಡು ಕೂತ. ಮಾಲೀಕ ಗಾಜಿನಾಚೆಯಿಂದ ಕೈ ಬೀಸಿ ಜಾಹೀರಾತು, ಜಾಹೀರಾತು ಎನ್ನುತ್ತಿದ್ದ. ಅವನು ಬೆನ್ನು ತಿರುಗಿಸಿದ. ಅವಳ ಉಸಿರು ಕೇಳಿಸುತ್ತಿತ್ತು, ಅವನದು ಅವಳಿಗೂ ಕೇಳಿಸಿರಬೇಕು. ಅವನ ಬಾಳಿನಲ್ಲಿ ಯಾರೂ ಅವನ ಹತ್ತಿರ ಅಷ್ಟು ಹೊತ್ತು ಕೂತಿರಲಿಲ್ಲ.

"ಇಲ್ಲ," ಎಂದ ವೆಂಡೆಲ್. "ಅಷ್ಟೇ."

ಚರ್ಚಿನೊಳಗೆ ಟ್ರೆಂಟ್ ಚೆನ್ನಾಗಿಯೇ ಮಾತಾಡಿದ. ಬೆಕ್ಕಿನ ಬಾಲಕ್ಕೆ ಜನ ನಕ್ಕರು, ಜಾಮಿನ ಮಾತಿಗೆ ಮೂಗೊರೆಸಿಕೊಂಡರು. 'ನನಗೆ ಹೇಳ್ತಿದ್ರು', 'ನನ್ನನ್ನ ಬೈತಿದ್ರು' ಎಂದು ಹುಡುಗ ಹೇಳುತ್ತಾ ಹೋದಂತೆ ಕೊನೆಯ ಬೆಂಚಿನಲ್ಲಿ ಕೂತಿದ್ದ ವೆಂಡೆಲನಿಗೆ ತನ್ನ ಬಟ್ಟೆ ಹಾಕಿಕೊಂಡು ಬೇರೆ ಯಾರೋ ಬೀದಿಯಲ್ಲಿ ಹೋಗುವುದನ್ನು ಕಂಡಂತಾಯಿತು. ಬಟ್ಟೆ ಅವನಿಗೇ ಹೆಚ್ಚು ಒಪ್ಪುತ್ತಿತ್ತು.

ಆಮೇಲೆ ಚರ್ಚಿನ ಕೆಳಗಿನ ಸಭಾಂಗಣದಲ್ಲಿ ಊಟ. ಟ್ರೆಂಟನ ಸುತ್ತ ಜನ ಕೈಕುಲುಕಲು ನಿಂತಿದ್ದರು. ಅವರನ್ನು ಸರಿಸಿಕೊಂಡು ಆರ್ವಿಲ್ಲಾಳ ಗಂಡ ಗೆರ್ಹಾರ್ಡ್ ಬಂದ. ಕಣ್ಣಿಗೆ ಪೊರೆ, ಕಿವಿ ಮಂದ. ರೇಡಿಯೋ ಹೆಂಡತಿಯ ಪಾಲಿನದು, ಹಸುಗಳು ಅವನ ಪಾಲಿನವು. ಹಾಗೇ ಬಾಳಿದ್ದವನು. ಹುಡುಗನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಡಸ್ಟಿ ಅಂದ್ರೆ ನೀನೇ ಏನಪ್ಪಾ?"

"ಹೌದು ತಾತ."

"ನಮ್ಮ ಹುಡುಗ ಹೋದಾಗ," ಎಂದು ಮುದುಕ ಕಿವಿ ಕೇಳದವರ ದೊಡ್ಡ ದನಿಯಲ್ಲಿ ಹೇಳಿದ, "ಅವಳು ಅನ್ನ ನೀರು ಬಿಟ್ಟಿದ್ಳು. ನನ್ನ ಹತ್ರಾನೂ ಮಾತಿಲ್ಲ. ಅವತ್ತು ನೀನು ಫೋನ್ ಹಿಡ್ಕೊಂಡು ಕೂತಿದ್ದೆ. ನಾನು ಬಾಗಿಲ ಹತ್ರಾನೇ ನಿಂತಿದ್ದೆ. ಫೋನ್ ಇಟ್ಟು ಬಂದು ಸ್ಟೌ ಹಚ್ಚಿದ್ಳು ನೋಡು. ಅವತ್ತು ಕೂತಿದ್ದು ನೀನೇ ತಾನೆ?"

ಟ್ರೆಂಟನ ಮುಖ ಕೆಂಪಾಯಿತು. ಎಷ್ಟೋ ವರ್ಷದ ಹಿಂದಿನ ಮಾತು; ಆಗ ಅವನಿನ್ನೂ ಮಗು ಎಂಬುದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು, ಮುದುಕನಿಗೆ ಬಿಟ್ಟು. ಟ್ರೆಂಟ್ ಜನರ ತಲೆಗಳ ಮೇಲಿಂದ ವೆಂಡೆಲನನ್ನು ಹುಡುಕಿದ. ಕೋಟುಗಳನ್ನು ತೂಗುಹಾಕಿದ್ದ ಗೋಡೆಗೆ ಒರಗಿ ತಟ್ಟೆ ಹಿಡಿದು ನಿಂತಿದ್ದ ವೆಂಡೆಲ್ ಅವನ ನೋಟಕ್ಕೆ ಸಿಕ್ಕ. ಒಂದು ಗಳಿಗೆ ಅವನ ತುಟಿ ಅಲುಗಿತು. ಆಮೇಲೆ ಹೌದೆನ್ನು ಎಂಬಂತೆ ಮೆಲ್ಲಗೆ ತಲೆಯಾಡಿಸಿದ.

"ನಾನೇ ತಾತ," ಎಂದ ಟ್ರೆಂಟ್.

ಮುದುಕ ಬಹಳ ಹೊತ್ತು ಆ ಕೈ ಬಿಡಲಿಲ್ಲ.

ಊಟ ಮುಗಿದು ಜನ ಕರಗಿದರು. ಟ್ರೆಂಟ್ ಹತ್ತಿರ ಬಂದು, "ಅದನ್ನ ನೀವು ಹೇಳ್ಲಿಲ್ಲ," ಎಂದ. ವೆಂಡೆಲ್, "ಗಾಳಿ ಜೋರಿದೆ, ವ್ಯಾನು ನಿಧಾನಕ್ಕೆ ಓಡಿಸು ತಮ್ಮಾ," ಎಂದಷ್ಟೇ ಹೇಳಿ ಕಳಿಸಿದ. ಆಗಲೇ ಗೆರ್ಹಾರ್ಡ್ ಗೋಡೆ ತಡವುತ್ತಾ ತನ್ನ ಕೋಟು ಹುಡುಕುತ್ತಾ ಬಂದ. ವೆಂಡೆಲ್ ಅದನ್ನು ತೆಗೆದು ಹಿಡಿದ. ಮುದುಕನ ಕೈ ಕೋಟಿನ ತೋಳಿನೊಳಗೆ ದಾರಿ ತಪ್ಪಿತು, ಮತ್ತೆ ಸಿಕ್ಕಿತು.

"ಯಾರಪ್ಪಾ ಅದು?"

"ವೆಂಡೆಲ್."

"ಯಾವ ವೆಂಡೆಲ್?"

"ವೆಂಡೆಲ್ ಕ್ರೌಸ್ ಅಂತ. ವಿಚಿಟಾದವನು."

"ಗುರುತು ಹತ್ತಲಿಲ್ಲವಲ್ಲ."

"ಹತ್ತೋದಿಲ್ಲ ಬಿಡಿ," ಎಂದು ವೆಂಡೆಲ್ ಅವನೆದುರು ಬಂದು ನಿಂತು, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತಾ ಬಂದ. ಗಲ್ಲದ ಕೆಳಗಿನ ಕೊನೆಯ ಗುಂಡಿ ಬಿಗಿಯಾಗಿತ್ತು. ಮುದುಕ ತಲೆಯೆತ್ತಿ, ಮಕ್ಕಳ ಹಾಗೆ, ಕಾದು ನಿಂತ.