ಗುಡಾಣದ ಕೆಳದನಿ

ನನ್ನ ತಮ್ಮ ಜುಂಬೆರ್ ಮೊಂಡ. ಹುಟ್ಟುವಾಗಲೇ ಅಡ್ಡಡ್ಡ ಬಂದು ಅಮ್ಮನ ಜೀವ ತಿಂದವನು, ಸಾಯುವಾಗ ನೆಟ್ಟಗಾಗುತ್ತಾನೆಯೇ? ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಮರಳಿದ್ದೇ ಮದುವೆಯಾಗದ ಈ ಪ್ರಾಣಿಗೆ ಬೇಯಿಸಿ ಹಾಕಲು. ಅವನು ಮಾಡಿದ ಅಡುಗೆಯನ್ನು ನಾಯಿಯೂ ಮೂಸುತ್ತಿರಲಿಲ್ಲ. ಅವನ ದನಿಗೆ ಮಾತ್ರ ಊರಿಗೆ ಊರೇ ಕಾಯುತ್ತಿತ್ತು. ನಮ್ಮ ಕಖೇತಿ ಸೀಮೆಯ ಹಾಡಿಗೆ ಮೂರು ದನಿ ಬೇಕು. ಕೆಳಗಿನದು ಇಲ್ಲದಿದ್ದರೆ ಮೇಲಿನ ಎರಡಕ್ಕೂ ಕಾಲೂರಲು ಜಾಗವಿಲ್ಲ. ಆ ಕೆಳದನಿ ಅವನದು.

ಒಂದು ಚಳಿಗಾಲದಲ್ಲಿ ವೈದ್ಯರು ಅವನ ಗಂಟಲು ಕೊಯ್ದು ಗಡ್ಡೆ ತೆಗೆದರು. ಗಡ್ಡೆಯ ಜೊತೆ ದನಿಯೂ ಹೋಯಿತು. ಉಳಿದದ್ದು ಕಿವಿಗೊಟ್ಟರೆ ಮಾತ್ರ ಕೇಳುವ ಪಿಸುಮಾತು. ಬೇಸಿಗೆ ಮುಗಿಯುವಷ್ಟರಲ್ಲಿ ಗಡ್ಡೆ ಮರಳಿ ಬಂತು, ದನಿ ಬರಲಿಲ್ಲ. ಇನ್ನು ಮಾಡುವಂಥದ್ದು ಏನೂ ಇಲ್ಲವೆಂದು ಮನೆಗೆ ಕಳಿಸಿದರು.

ದ್ರಾಕ್ಷಿ ಕೊಯ್ಲಿಗೆ ಮುಂಚೆ ವೈನ್ ಹುದುಗಿಸುವ ಮಣ್ಣಿನ ಗುಡಾಣ ತೊಳೆಯಬೇಕು. ನಮ್ಮದು ಅಜ್ಜನ ಕಾಲದ್ದು, ಕುತ್ತಿಗೆಯವರೆಗೂ ನೆಲದಲ್ಲಿ ಹೂತದ್ದು, ಒಳಗೆ ಆಳು ನಿಂತರೆ ತಲೆ ಕಾಣದು. ಹೊಟ್ಟೆ ಬಂದ ಮೇಲೆ ಜುಂಬೆರ್ ಅದರ ಬಾಯಿಯಲ್ಲಿ ಹಿಡಿಸುತ್ತಿರಲಿಲ್ಲ. ಪಕ್ಕದ ಮನೆಯ ಬಿಚಿಕೋ ಇಳಿಯುತ್ತಿದ್ದ. ಈ ಸಲ ತಮ್ಮ ತಾನೇ ಅಂಗಿ ಬಿಚ್ಚಿ, ಪಕ್ಕೆಲುಬು ಬಿಟ್ಟುಕೊಂಡು ಗುಡಾಣದ ಬಾಯಿಯ ಹತ್ತಿರ ನಿಂತ.

"ನೋಡಕ್ಕ, ಈಗ ಹಿಡಿಸ್ತೀನಿ," ಎಂದು ಪಿಸುಗುಟ್ಟಿ ನಕ್ಕ.

ಬೇಡವೆಂದೆ. ಗುಡಾಣದ ತಳದಲ್ಲಿ ಕೆಟ್ಟ ಗಾಳಿ ನಿಂತಿದ್ದರೆ ಇಳಿದವನು ಸದ್ದಿಲ್ಲದೆ ಕುಸಿಯುತ್ತಾನೆ. ಅದಕ್ಕೇ ನಮ್ಮಪ್ಪ ಒಂದು ಕಟ್ಟಳೆ ಮಾಡಿದ್ದ: ಇಳಿದವನು ಹಾಡುತ್ತಲೇ ಇರಬೇಕು, ಹಾಡು ನಿಂತರೆ ಮೇಲಿದ್ದವರು ಹಗ್ಗ ಎಳೆಯಬೇಕು.

"ಬದುಕಿದ್ದೀಯೋ ಸತ್ತಿದ್ದೀಯೋ ನಂಗೆ ಹೆಂಗೆ ಗೊತ್ತಾಗ್ಬೇಕೋ?"

"ಗೋಡೆ ಬಡೀತಿರ್ತೀನಿ. ಹೆಂಗೂ ಹೋಗೋನೇ ಅಲ್ವಾ, ತೊಳೆದಾದ್ರೂ ಹೋಗ್ತೀನಿ."

ಮೊದಲು ಮೇಣದಬತ್ತಿ ಇಳಿಬಿಟ್ಟೆವು. ಅದು ಆರಲಿಲ್ಲ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಬಿಚಿಕೋ ಹಿಡಿದ. ಚೆರ್ರಿ ತೊಗಟೆಯ ಕುಂಚದಿಂದ ಉಜ್ಜುವ ಸದ್ದು, ನಡುನಡುವೆ ಟಕ್ ಟಕ್ ಎಂದು ಬಡಿತ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಬಡಿತ ನಿಂತಿತು. ಬಿಚಿಕೋ ಹಗ್ಗ ಬಿಗಿ ಮಾಡುತ್ತಿದ್ದಾಗಲೇ ಕೆಳಗಿನಿಂದ ಒಂದು ದನಿ ಎದ್ದಿತು. ಕೆಳದನಿ, ನನ್ನ ಅಂಗಾಲಿಗೂ ತಾಗಿತು.

ಉಜ್ಜುತ್ತಾ ಉಜ್ಜುತ್ತಾ ಹಳೆಯ ರೂಢಿಯಲ್ಲಿ ಅವನು ಸುಮ್ಮನೆ ಗುನುಗಿದ್ದಾನೆ. ಹೊರಗಿದ್ದರೆ ಅದು ನೊಣದ ಸದ್ದಿಗಿಂತ ಹೆಚ್ಚಲ್ಲ. ಗುಡಾಣ ಅದನ್ನೇ ಹಿಗ್ಗಿಸಿ ಮೇಲಕ್ಕೆ ಕಳಿಸುತ್ತಿತ್ತು. "ಎಳೀಬೇಡ ಕಣೋ," ಎಂದೆ ಬಿಚಿಕೋಗೆ. ಅವನು ನಡುದನಿ ಸೇರಿಸಿದ. ಗಂಡಸರು ಹಾಡುತ್ತಾ ಕೂತ ಊಟದ ಮೇಜಿಗೆ ತಟ್ಟೆ ಹೊತ್ತು ಹೊತ್ತೇ ಹಾಡು ಕಲಿತವಳು ನಾನು. ಮೇಲಿನ ದನಿ ಎತ್ತಿಕೊಂಡೆ.

ಮೇಲೆ ಬಂದವನು ಏನೋ ಹೇಳಲು ಬಾಯಿ ತೆರೆದ. ಬರೀ ಉಸಿರು ಬಂತು. ತಿರುಗಿ ಗುಡಾಣದ ಕಡೆಗೇ ನೋಡಿದ.

ಮರುದಿನ ಗುಡಾಣ ಸರಿಯಾಗಿ ತೊಳೆದಿಲ್ಲವೆಂದು ಮತ್ತೆ ಇಳಿದ. ಅದರ ಮರುದಿನವೂ ಅದೇ ನೆಪ. ಗುಡಾಣ ಕನ್ನಡಿಯಂತೆ ಶುಭ್ರವಾಗಿತ್ತು, ನನಗೆ ಗೊತ್ತಿಲ್ಲವೇ? ಆದರೂ ಬಗ್ಗಿ ಮೂಸಿ, ಇನ್ನೂ ನಾರುತ್ತಿದೆ, ಸೋಂಬೇರಿ, ಸರಿಯಾಗಿ ಉಜ್ಜು ಎಂದು ಬಯ್ಯುತ್ತಿದ್ದೆ. ಊರಿನವರೆಲ್ಲ ದ್ರಾಕ್ಷಿ ತುಳಿದು ಮುಗಿಸಿದರು. ನಮ್ಮ ಗೊಂಚಲುಗಳಿಗೆ ಕಣಜ ಮುತ್ತಿತು. ಅಕ್ಕತಮ್ಮ ಇಬ್ಬರಿಗೂ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಕೊನೆಗೆ ನಾನೇ ಹೇಳಿದೆ, ಈ ವರ್ಷ ಹಣ್ಣು ಯಾರಿಗಾದರೂ ಕೊಟ್ಟುಬಿಡೋಣ, ಗುಡಾಣ ಹಾಗೇ ಇರಲಿ ಎಂದು. ಅವನು ನನ್ನನ್ನೇ ನೋಡಿದ. ನನ್ನ ಸುಳ್ಳು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು.

"ಖಾಲಿ ಬಿಟ್ರೆ ಬೂಷ್ಟು ಹಿಡಿದು ಹಾಳಾಗುತ್ತಕ್ಕ. ನಾನು ಹೋದ್ಮೇಲೂ ಅದು ಇರ್ಬೇಕಲ್ಲ."

ಅಂದು ಕೊನೆಯ ಸಲ ಇಳಿದ. ಮರುದಿನ ಬಿಚಿಕೋ ದ್ರಾಕ್ಷಿ ತುಳಿದ, ರಸವನ್ನು ಸಿಪ್ಪೆಯ ಸಮೇತ ಸುರಿದೆವು. ತುಂಬುವವರೆಗೂ ಜುಂಬೆರ್ ಅಲ್ಲಿಯೇ ಕೂತಿದ್ದ. ನನಗೆ ಅವನ ಮುಖ ನೋಡಲಾಗಲಿಲ್ಲ. ಹಿತ್ತಲಿಗೆ ಹೋಗಿ ಕೋಳಿಗಳಿಗೆ ಬೈದೆ.

ರಸ ಹುದುಗಿ ತಾನಾಗಿ ಕುದಿಯತೊಡಗಿದಾಗ ಅವನು ಹಾಸಿಗೆ ಹಿಡಿದ. ಕುದಿ ಇಳಿಯುವ ಮೊದಲೇ ಹೋದ. ಮಣ್ಣು ಮಾಡುವಾಗ ನಾನು ಅಳಲಿಲ್ಲ. ಕಲ್ಲು ಹೃದಯದವಳು ಎಂದರು. ಊರ ಬಾಯಿ ಮುಚ್ಚಿಸಲಾಗುತ್ತದೆಯೇ? ಸ್ಮಶಾನದಿಂದ ನೇರ ಗುಡಾಣದ ಹತ್ತಿರ ಹೋದೆ. ಮೇಲೆ ಏಳುವ ಸಿಪ್ಪೆಯನ್ನು ಕೋಲಿನಿಂದ ಕೆಳಗೆ ಒತ್ತುತ್ತಿರಬೇಕು. ವೈನಿಗೆ ಸೂತಕ ಗೊತ್ತಿಲ್ಲ. ಬಗ್ಗಿದಾಗ ಕೇಳಿಸಿತು. ಆಳದಲ್ಲಿ ರಸ ಗುಂಯ್ ಎನ್ನುತ್ತಿತ್ತು, ತಗ್ಗಿನಲ್ಲಿ, ಎಡೆಬಿಡದೆ. ನನಗೆ ಹುಚ್ಚೇನೂ ಹಿಡಿದಿರಲಿಲ್ಲ, ಅದು ದ್ರಾಕ್ಷಿ ಎಂದು ಗೊತ್ತಿತ್ತು. ಗೊತ್ತಿದ್ದೂ ಮೇಲಿನ ದನಿ ಎತ್ತಿದೆ. ಅಂದಿನಿಂದ ಪ್ರತಿದಿನ ಒತ್ತುತ್ತಾ ಹಾಡಿದೆ. ಸದ್ದು ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಬಂತು.

ಒಂದು ಬೆಳಿಗ್ಗೆ ಗುಡಾಣದ ಬಾಯಿಗೆ ಕಿವಿಯಿಟ್ಟರೆ ಏನೂ ಇಲ್ಲ. ಹಾಡು ನಿಂತರೆ ಹಗ್ಗ ಎಳೆಯಬೇಕು ಎಂದಿದ್ದ ಅಪ್ಪ. ನನ್ನ ಕೈಯಲ್ಲಿ ಬರೀ ಕೋಲಿತ್ತು. ಕುದಿ ನಿಂತ ಮೇಲೆ ಗುಡಾಣ ಮುಚ್ಚಬೇಕು. ಕಲ್ಲಿನ ಮುಚ್ಚಳ ಎಳೆದು, ಸುತ್ತಲೂ ಹಸಿಮಣ್ಣು ಮೆತ್ತಿದೆ. ಆಮೇಲೆ ಅದರ ಮೇಲೆಯೇ ಬಿದ್ದು, ಬಿಚಿಕೋ ಬಂದು ಎಬ್ಬಿಸುವವರೆಗೂ ಅತ್ತೆ.