ಕಾವಲು ಕೂತ ಅಜ್ಜಿ

ದಸರಾಕ್ಕೆ ಕಾಲೇಜಿನಲ್ಲಿ ಕೂರಿಸಲೆಂದು ರಾಜ, ರಾಣಿಯ ಪಟ್ಟದ ಗೊಂಬೆಗಳ ಜೊತೆಗೆ ಟ್ರಂಕಿನಲ್ಲಿದ್ದ ಹಳೆಯ ಗೊಂಬೆಗಳನ್ನೂ ಕೊಟ್ಟು ಕಳಿಸುವಾಗ ಗಗನಳ ಅತ್ತೆ ಪುಟ್ಟತಾಯಮ್ಮ ಒಂದೇ ಮಾತು ಹೇಳಿದ್ದರು. "ಒಂದ್ಸಲ ಕೂರಿಸಿದ್ಮೇಲೆ ವಿಜಯದಶಮಿವರ್ಗೂ ಯಾವ್ದನ್ನೂ ಕದಲಿಸ್ಬೇಡ ಕಣಮ್ಮ. ಮನೆಯಾದ್ರೂ ಅಷ್ಟೇ, ಕಾಲೇಜಾದ್ರೂ ಅಷ್ಟೇ."

ಲಕ್ಷ್ಮೀಪುರಂನ ಖಾಸಗಿ ಮಹಿಳಾ ಕಾಲೇಜೊಂದರಲ್ಲಿ ಗಗನ ಭೌತಶಾಸ್ತ್ರ ಕಲಿಸುತ್ತಿದ್ದಳು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗೇಟಿನವರೆಗೆ ಹೋಗಿ ವಾಪಸು ಬರುವ ಹೆಂಗಸು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದಸರಾ ಕಳೆದ ಮೇಲೆ ಆದೇಶ ಬರುತ್ತದೆ ಎಂದಿದ್ದರು. ಈ ವರ್ಷ ಕಾಲೇಜಿನ ಗೊಂಬೆ ಜೋಡಣೆ ಅವಳ ಪಾಲಿಗೆ ಬಂದಿತ್ತು. ವಿಷಯ, ನಾಳೆಯ ವಿದ್ಯುತ್ತು.

ಮೇಲಿನ ಮೆಟ್ಟಿಲಲ್ಲಿ ರಾಜ, ರಾಣಿ. ಅವರ ಕೆಳಗೆ ವಿದಳನ: ಯುರೇನಿಯಂ ಎಂಬ ದಪ್ಪ ಉಂಡೆ ಒಡೆದು ಎರಡಾಗಿದೆ, ಆ ಕಾವಿಗೆ ನೀರು ಕುದಿದಿದೆ, ಹಬೆ ಚಕ್ರ ತಿರುಗಿಸಿ ಪುಟ್ಟ ಮನೆಗಳಲ್ಲಿ ದೀಪ ಹತ್ತಿಸಿದೆ. ಮನೆಗಳ ಸಾಲಿನ ಕೊನೆಯಲ್ಲಿ ಅಣುತ್ಯಾಜ್ಯವೆಂದು ಬಾಯಿ ಬಿಗಿದಿಟ್ಟ ಹಿತ್ತಾಳೆ ಡಬ್ಬಿ, ಅದಕ್ಕೆ ಕಾವಲಾಗಿ ಮರದ ಅಜ್ಜಿ. 'ಉರಿದು ಉಳಿದದ್ದು. ಮೊಮ್ಮಕ್ಕಳ ಮೊಮ್ಮಕ್ಕಳೂ ಕಾಯಬೇಕು' ಎಂಬ ಚೀಟಿ. ಕೊನೆಯ ಮೆಟ್ಟಿಲಲ್ಲಿ ಸಮ್ಮಿಲನ: ಹಗುರ ಪರಮಾಣುಗಳು ಒಂದರೊಳಗೊಂದು ಬೆರೆತು ಉರಿಯುವ ಸೂರ್ಯ. ಅವನ ಮುಂದಿನ ಮನೆಗಳು ಮಾತ್ರ ಕತ್ತಲಲ್ಲಿದ್ದವು. 'ನಮ್ಮ ಮನೆಗೆ ಇನ್ನೂ ಬಂದಿಲ್ಲ' ಎಂದು ಅಲ್ಲಿನ ಚೀಟಿ.

ಹಬ್ಬದ ಮೂರನೆಯ ದಿನ ಆಡಳಿತ ಮಂಡಳಿಯ ಕಾರ್ಯದರ್ಶಿ ಲಕ್ಷ್ಮೀನರಸಿಂಹ ಬಂದು ನೋಡಿದರು. ಕಾಲೇಜಿಗೆ ಹೊಸ ಪ್ರಯೋಗಾಲಯ ಕಟ್ಟಿಸಿಕೊಡುವ ಇಂಧನ ಕಂಪನಿಯವರು ಮಾರನೆಯ ದಿನ ಬರುವವರಿದ್ದರು.

"ಚೆನ್ನಾಗಿದೆ ಕಣಮ್ಮ. ಆ ಅಜ್ಜೀನೂ ಡಬ್ಬೀನೂ ಎತ್ತಿಬಿಡಿ, ನಾಳೆ ಬರೋರಿಗೆ ಅದೆಲ್ಲ ಯಾಕೆ. ಕೆಳಗಡೆ ಮನೆಗಳಿಗೂ ಒಂದು ಸೀರಿಯಲ್ ಸೆಟ್ ಎಳೆದುಬಿಡಿ. ಹಬ್ಬದಲ್ಲಿ ಯಾಕೆ ಕತ್ತಲೆ?"

"ಕೂರಿಸಿದ ಗೊಂಬೆ ಎತ್ತೋ ಹಾಗಿಲ್ಲ ಸರ್."

ಅವರು ನಕ್ಕರು. "ಫಿಸಿಕ್ಸ್ ಮೇಡಮ್ಮು ನನಗೆ ಶಾಸ್ತ್ರ ಹೇಳ್ತಿದ್ದೀರಲ್ಲ."

ಗಗನ ಅತ್ತೆಯ ಸೆರಗಿನ ಹಿಂದೆ ಅಡಗಿಕೊಂಡೇ ಈ ಸಂಜೆಯನ್ನು ದಾಟಬಹುದಿತ್ತು. ಆದರೆ ಆ ಚೀಟಿಗಳ ಒಂದೊಂದು ಪದವನ್ನೂ ಅವಳು ತೂಗಿ ನೋಡಿ ಬರೆದಿದ್ದಳು.

"ಶಾಸ್ತ್ರ ನಮ್ಮತ್ತೇದು ಸರ್. ನನ್ನ ಕಾರಣ ಬೇರೆ. ಅಣು ವಿದ್ಯುತ್ ಬೇಡ ಅಂತ ನಾನು ಹೇಳ್ತಿಲ್ಲ, ಬೇಕಾಗಬಹುದು. ದೀಪ ತೋರಿಸಿ ಡಬ್ಬಿ ಬಚ್ಚಿಟ್ರೆ ಅದು ಪಾಠ ಅಲ್ಲ, ಜಾಹೀರಾತು. ಬರದೇ ಇರೋ ಬೆಳಕನ್ನ ಬಂದಿದೆ ಅಂತ ಈ ಹುಡುಗೀರಿಗೆ ನಾನು ಹೇಳಿಕೊಡಲ್ಲ."

"ನಿಮ್ಮ ಆರ್ಡರ್ ಇನ್ನೂ ನನ್ನ ಮೇಜಿನ ಮೇಲೇ ಇದೆ, ಗಗನಾ ಅವರೇ."

"ಗೊತ್ತು ಸರ್. ಅಜ್ಜಿಯೂ ಇಲ್ಲೇ ಇರ್ತಾಳೆ."

ಅವರು ತಾವೇ ಕೈ ಚಾಚಿದರು. ಬೆರಳು ಅಜ್ಜಿಯ ತಲೆಯವರೆಗೂ ಹೋಗಿ ನಿಂತಿತು. ಒಂಟಿಕೊಪ್ಪಲಿನ ಅವರ ಮನೆಯಲ್ಲೂ ಗೊಂಬೆ ಕೂರಿಸಿದ್ದರು. ಕೈಯನ್ನು ಹಿಂದಕ್ಕೆಳೆದು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಮಾರನೆಯ ಬೆಳಿಗ್ಗೆ ಗಗನ ಬಂದಾಗ ಸಭಾಂಗಣದಲ್ಲಿ ಸುಗಂಧರಾಜದ ಘಮ. ಅಜ್ಜಿಯೂ ಕತ್ತಲೆಯ ಮನೆಗಳೂ ಕಾಣದ ಹಾಗೆ ಎರಡು ಎತ್ತರದ ಹೂದಾನಿಗಳನ್ನು ತಂದಿಟ್ಟಿದ್ದರು. ವಿದ್ಯಾರ್ಥಿನಿಯರು ಬಂದು ಕೂತ ಮೇಲೆ ಅತಿಥಿಗಳ ಜೊತೆ ಒಳಬಂದ ಲಕ್ಷ್ಮೀನರಸಿಂಹ ಅವಳ ಕಡೆ ನೋಡಿದ ನೋಟದಲ್ಲಿ, 'ಶಾಸ್ತ್ರ ಕೆಡಿಸಲಿಲ್ಲ ನೋಡಿ' ಎಂಬ ಗೆಲುವಿತ್ತು.

ಗಗನ ಹೂದಾನಿಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಎಲ್ಲರೂ ನೋಡುತ್ತಿದ್ದ ಹಾಗೆಯೇ ಮುಂದೆ ಹೋಗಿ, ಒಂದನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ ಗೋಡೆ ಪಕ್ಕಕ್ಕಿಟ್ಟಳು. ಬಂದು ಇನ್ನೊಂದನ್ನೂ ಎತ್ತಿದಳು. ಸೆರಗಿನ ಮೇಲೆ ನೀರು ತುಳುಕಿತು.

"ಏನಮ್ಮ ಇದು?" ಲಕ್ಷ್ಮೀನರಸಿಂಹ ಪಿಸುಗುಟ್ಟಿದರು. "ಏನನ್ನೂ ಕದಲಿಸಬಾರದು ಅಂದ್ರಿ?"

"ಹೂದಾನಿ ಗೊಂಬೆಯಲ್ಲ ಸರ್."

ಹಿಂದಿನ ಸಾಲಿನಲ್ಲಿ ಯಾವಳೋ ವಿದ್ಯಾರ್ಥಿನಿ ಕಿಸಕ್ಕನೆ ನಕ್ಕಳು. ಕಂಪನಿಯ ಹಿರಿಯ ಅಧಿಕಾರಿ ಬಗ್ಗಿ ಚೀಟಿ ಓದಿ, ಈ ಅಜ್ಜಿ ಏನನ್ನು ಕಾಯುತ್ತಿದ್ದಾಳೆ ಎಂದು ಕೇಳಿದರು.

ಗಗನ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಲಕ್ಷ್ಮೀನರಸಿಂಹರ ಕಡೆ ತಿರುಗದೆ, ಡಬ್ಬಿಯಿಂದಲೇ ಪಾಠ ಶುರುಮಾಡಿದಳು.