ಅಗಡಿಯ ನಿಜಲಿಂಗಪ್ಪನವರು ಕಾಣೆಯಾದದ್ದು

ನಾವು ಹೆಳವರು. ಒಕ್ಕಲು ಮನೆತನಗಳ ವಂಶಾವಳಿಯನ್ನು ಬಾಯಲ್ಲಿ ಇಟ್ಟುಕೊಂಡು, ಮೂರು ವರ್ಷಕ್ಕೊಮ್ಮೆ ಅವರ ಅಂಗಳಕ್ಕೆ ಹೋಗಿ, ತಲೆಮಾರುಗಳ ಹೆಸರು ಒಂದೂ ಬಿಡದಂತೆ ಹೇಳಿ, ಕಾಳು ಪಡೆದು ಬರುವುದು ನಮ್ಮ ಕಸುಬು. ಅಜ್ಜ ಎತ್ತಿನ ಮೇಲೆ ಕೂತು ಹೋಗುತ್ತಿದ್ದ. ಅಪ್ಪ ಉಡಚಪ್ಪ ಕೆಂಪು ಬಸ್ಸಿನಲ್ಲಿ ಹೋಗುತ್ತಿದ್ದ. ಹೆಣ್ಣುಮಕ್ಕಳು ಹೇಳಿದ ದಾಖಲೆ ನಮ್ಮ ಮನೆಯಲ್ಲಿ ಇಲ್ಲ. ನಾನು ಮೈಲವ್ವ, ಅಪ್ಪನಿಗೆ ಒಬ್ಬಳೇ ಮಗಳು. ಹಾವೇರಿಯಲ್ಲಿ ಅಂದಾನೆಪ್ಪ ಸರ್ ನಡೆಸುವ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ.

ತೊಂಬತ್ತನಾಲ್ಕರ ಸುಗ್ಗಿಗೆ ಅಪ್ಪನ ಗಂಟಲು ಕೈಕೊಟ್ಟಿತು. ರಾಣೆಬೆನ್ನೂರಿನ ಡಾಕ್ಟರು ಆಪರೇಷನ್ ಮಾಡಿ, ಎರಡು ತಿಂಗಳು ಮಾತು ಬಂದ್ ಅಂದರು. ಅಷ್ಟರಲ್ಲಿ ಅಗಡಿಯ ನಿಜಲಿಂಗಪ್ಪನವರು ಹೇಳಿ ಕಳಿಸಿದರು: "ಶುಕ್ರವಾರ ಅಣ್ಣತಮ್ಮರೆಲ್ಲಾ ಕೂಡತೇವಿ. ಉಡಚಪ್ಪಗ ಆಗೂದಿಲ್ಲಂದ್ರ ಬ್ಯಾಡಗಿ ಹೆಳವನ್ನ ಕರಸ್ತೇವಿ." ನಮ್ಮಲ್ಲಿ ಒಂದು ಕಟ್ಟಳೆಯಿದೆ. ಒಂದು ಮನೆಯಲ್ಲಿ ಬೇರೆ ಹೆಳವ ಒಮ್ಮೆ ಬಾಯಿ ಬಿಟ್ಟರೆ ಆ ಮನೆ ಅವನದೇ. ಅಗಡಿಯದು ನಮ್ಮ ಮನೆಗಳಲ್ಲೆಲ್ಲ ದೊಡ್ಡದು.

"ನಾ ಹೇಳ್ತೇನಿ," ಅಂದೆ. ಎಮ್ಮೆ ಹಾಡುತ್ತೇನೆ ಅಂದರೆ ನೋಡುವ ಹಾಗೆ ಅಪ್ಪ ನನ್ನನ್ನು ನೋಡಿದ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಹಿಡಿದ ಕೆಲಸ ಬಿಡುವವಳಲ್ಲ.

ಆಪರೇಷನ್ನಿಗೆ ಮೊದಲೇ, ಅಪ್ಪನ ದನಿ ಇನ್ನೂ ಗೊರಗೊರ ಅನ್ನುತ್ತಿದ್ದಾಗ, ಆ ಮನೆಯ ಮುನ್ನೂರು ಹೆಸರನ್ನೂ ಅವನಿಂದ ಹೇಳಿಸಿಕೊಂಡು ಕ್ಲಾಸಿನ ಯುನಿಕ್ಸ್ ಮಷಿನ್ನಿಗೆ ಹಾಕಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದರೆ ನಡುವೆ ಹುಟ್ಟಿದ ಕೂಸನ್ನು ಎಲ್ಲಿ ತುರುಕುವುದು? ಮಷಿನ್ನಿನಲ್ಲಾದರೆ ಒಂದು ಡೈರೆಕ್ಟರಿಯ ಒಳಗೆ ಇನ್ನೊಂದು ಡೈರೆಕ್ಟರಿ ಮಾಡಬಹುದು. ತಂದೆ ಒಂದು ಕೋಣೆ, ಮಕ್ಕಳು ಅದರೊಳಗಿನ ಕೋಣೆಗಳು, ಮೊಮ್ಮಕ್ಕಳು ಅದಕ್ಕೂ ಒಳಗೆ. ಕೂಸು ಹುಟ್ಟಿತೋ, ಅಪ್ಪನ ಕೋಣೆಯಲ್ಲಿ ಒಂದು ಹೊಸ ಕೋಣೆ ಕಟ್ಟಿದರೆ ಮುಗಿಯಿತು.

ಉಳಿದದ್ದು ಎಲ್ಲ ಕೋಣೆ ಹೊಕ್ಕು ಹೆಸರು ಓದಿ ಬರುವ ಪ್ರೋಗ್ರಾಮು. ಅದನ್ನು ಸಿ ಭಾಷೆಯಲ್ಲಿ ಬರೆದೆ. ಓಪನ್‌ಡಿರ್ ಅಂದರೆ ಬಾಗಿಲು ತೆರೆಯುತ್ತದೆ. ರೀಡ್‌ಡಿರ್ ಅಂದಾಗಲೊಮ್ಮೆ ಒಳಗಿನ ಒಂದು ಹೆಸರು ಕೈಗೆ ಬರುತ್ತದೆ. ಹೆಸರು ಸಿಕ್ಕರೆ ಅದರೊಳಗೂ ಹೋಗು, ಹೆಸರು ತೀರಿದರೆ ಬಾಗಿಲು ಮುಚ್ಚಿ ಹೊರಗೆ ಬಾ. ಎಷ್ಟು ಚಂದ! ಓಡಿಸಿದೆ. ಸ್ಕ್ರೀನಿನ ತುಂಬ ಬರೀ ಚುಕ್ಕಿ, ಕೊನೆಗೊಂದು ತಪ್ಪಿನ ಸಾಲು. ಪ್ರತಿ ಡೈರೆಕ್ಟರಿಯಲ್ಲೂ ಯಾರೂ ಕಟ್ಟದ ಎರಡು ಹೆಸರು ಇದ್ದೇ ಇರುತ್ತವೆ. ಒಂದು ಚುಕ್ಕಿ ಅಂದರೆ ಅದೇ ಕೋಣೆ, ಎರಡು ಚುಕ್ಕಿ ಅಂದರೆ ಹೊರಗಿನ ಕೋಣೆ. ನನ್ನ ಪ್ರೋಗ್ರಾಮು ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತಿತ್ತು.

ಸುತ್ತುತ್ತೀಯಾ, ನೋಡುತ್ತೇನೆ ಅಂತ ಒಂದು ಹೊಸ ನಿಯಮ ಹಾಕಿದೆ. ಒಮ್ಮೆ ಹೊಕ್ಕ ಹೆಸರನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೋ, ಅದೇ ಹೆಸರು ಮತ್ತೆ ಬಂದರೆ ಹೋಗಬೇಡ. ಪಟ್ಟಿಯ ತಲೆಗೆ ಮೊದಲೇ ಆ ಎರಡೂ ಚುಕ್ಕಿಗಳನ್ನು ಬರೆದುಬಿಟ್ಟೆ. ಒಂದೇ ಏಟಿಗೆ ಎಲ್ಲ ಸರಿಹೋಯಿತು! ಹೆಸರುಗಳು ಧೋ ಅಂತ ಬಂದವು. ಪ್ರಿಂಟರಿನಿಂದ ಇಳಿದ ಕಾಗದದ ಉದ್ದ ನೋಡಿಯೇ ನಾನು ಕುಣಿದಾಡಿದೆ. ಪೂರ್ತಿ ಓದಿ ನೋಡೋಣವೆಂದರೆ ಬಸ್ಸಿಗೆ ಹೊತ್ತಾಗಿತ್ತು, ಕಾಗದದಲ್ಲಿದ್ದ ಇಂಗ್ಲಿಷ್ ಅಕ್ಷರ ಅಪ್ಪನಿಗೆ ಬರುತ್ತಿರಲಿಲ್ಲ.

ಅಗಡಿಯ ಅಂಗಳದಲ್ಲಿ ರುಮಾಲು ಸುತ್ತಿದವರೇ ಮೂವತ್ತು ಜನ. ಕಟ್ಟೆಯ ಮೇಲೆ ನಿಜಲಿಂಗಪ್ಪನವರು, ಪಕ್ಕದಲ್ಲಿ ಅವರ ತಾಯಿ ಗುತ್ತೆವ್ವ. ಜೊತೆಗೆ ಬಂದಿದ್ದ ಅಪ್ಪನನ್ನು ಪಕ್ಕಕ್ಕೆ ಕೂರಿಸಿ, ನಾನು ಅವನ ಧಾಟಿಯಲ್ಲೇ ದನಿ ಎತ್ತಿದೆ. "ಹಾಲೇಶಪ್ಪನ ಮಗ ನಿಜಲಿಂಗಪ್ಪ, ನಿಜಲಿಂಗಪ್ಪನ ಮಗ ಫಕ್ಕೀರಪ್ಪ, ಫಕ್ಕೀರಪ್ಪನ ಮಕ್ಕಳು ಗುಡದಪ್ಪ, ಜಟ್ಟೆಪ್ಪ…"

"ನಿಂದ್ರ," ಅಂದಳು ಗುತ್ತೆವ್ವ. "ಫಕ್ಕೀರಪ್ಪ ನನ್ನ ಗಂಡ. ನನ್ನ ಹಿರೇಮಗ ಎಲ್ಲಿ ಹೋದ?"

ಹಿರಿಯ ಮಗ ನಿಜಲಿಂಗಪ್ಪನವರು ಅವಳ ಪಕ್ಕದಲ್ಲೇ ಕೂತಿದ್ದರು. ಕಾಗದದಲ್ಲಿ ಮಾತ್ರ ಅವರಿಲ್ಲ, ಅವರ ಮಕ್ಕಳೂ ಇಲ್ಲ, ಮೊಮ್ಮಕ್ಕಳೂ ಇಲ್ಲ. ಬದುಕಿದ್ದವನನ್ನು ಬಿಟ್ಟು ಹೇಳುವುದೆಂದರೆ ನಿನ್ನ ವಂಶ ಮುಗಿಯಿತು ಅಂದ ಹಾಗೆ. ಹಿಂದಿನಿಂದ ಯಾರೋ, "ಬ್ಯಾಡಗಿಗೆ ಫೋನ್ ಹಚ್ಚರಿ," ಅಂದರು. ಅಪ್ಪ ಕಣ್ಣು ಮುಚ್ಚಿಕೊಂಡ.

ಕಾಗದದ ಮೇಲೆ ಬೆರಳಾಡಿಸಿದೆ. ಗುಡದಪ್ಪನ ಮಗ ಫಕ್ಕೀರಪ್ಪನೂ ಇಲ್ಲ. ಜಟ್ಟೆಪ್ಪನ ಮಗ ಫಕ್ಕೀರಪ್ಪನೂ ಇಲ್ಲ. ಅಜ್ಜನ ಹೆಸರು ಇಟ್ಟುಕೊಂಡವನು ಒಬ್ಬನೂ ಇಲ್ಲ! ತಟ್ಟನೆ ಹೊಳೆಯಿತು. ಅಷ್ಟು ಜನ ಸಿಟ್ಟಿನಿಂದ ನೋಡುತ್ತಿದ್ದಾಗ ನಾನು ಜೋರಾಗಿ ನಕ್ಕುಬಿಟ್ಟೆ.

"ಯಜಮಾನ್ರ, ನಿಮಗ ನಿಮ್ಮಜ್ಜನ ಹೆಸರು ಇಟ್ಟಾರಲ್ರಿ! ಒಮ್ಮೆ ಬಂದ ಹೆಸರು ಮತ್ತ ತಗೋಬ್ಯಾಡ ಅಂತ ನಾನ ಮಷಿನ್ನಿಗೆ ಹೇಳೇನ್ರಿ. ಅಜ್ಜನ್ನ ನೋಡಿ ನಿಮ್ಮನ್ನ ಬಿಟ್ಟು ಬಂದೈತ್ರಿ!"

ನಿಜಲಿಂಗಪ್ಪನವರು ನಗಲಿಲ್ಲ. "ಹಂಗಾರ ನಾ ಈಗ ಎಲ್ಲಿ ಅದೇನಿ?"

"ಹಾವೇರ್ಯಾಗ ಅದೀರಿ. ನಮ್ಮ ಕ್ಲಾಸಿನ್ಯಾಗ."

"ನಡಿ, ತೋರ್ಸು," ಅಂತ ಎದ್ದೇಬಿಟ್ಟರು.

ಮನೆಯ ಜೀಪಿನಲ್ಲಿ ಹೊರಟೆವು. ಅಪ್ಪ ಮುಂದೆ, ನಾನು ಹಿಂದೆ, ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಪ್ರೋಗ್ರಾಮಿನ ಆ ಪಟ್ಟಿಯ ನಿಯಮದ ನಾಲ್ಕು ಸಾಲು. ಯಜಮಾನರು ಚಪ್ಪಲಿ ಹೊರಗೆ ಬಿಟ್ಟು ಟರ್ಮಿನಲ್ಲಿನ ಮುಂದೆ ಕೂತರು. ನಾನು ಪಟ್ಟಿಯ ನಿಯಮವನ್ನು ಕಿತ್ತು ಬಿಸಾಕಿದೆ. ಚುಕ್ಕಿ ಬಂದರೆ ಬಿಡು, ಎರಡು ಚುಕ್ಕಿ ಬಂದರೆ ಬಿಡು, ಉಳಿದ ಯಾವ ಬಾಗಿಲಿದ್ದರೂ ಒಳಗೆ ಹೋಗು, ಅಷ್ಟೇ. ಕಂಪೈಲ್ ಆಯಿತು. ಓಡಿಸಿದೆ.

ಫಕ್ಕೀರಪ್ಪನ ಕೆಳಗೆ ನಿಜಲಿಂಗಪ್ಪ ಬಂದರು! ಅವರ ಕೆಳಗೆ ಹನ್ನೊಂದು ಹೆಸರು ಸಾಲುಗಟ್ಟಿ ಬಂದವು. ಒಂದೊಂದರ ಮೇಲೂ ಬೆರಳಿಟ್ಟು ಓದಿ ಹೇಳಿದೆ. ನನಗಂತೂ ಆಕಾಶ ಮೂರೇ ಗೇಣು.

"ಇದು ನಾನು? ಇವು ನನ್ನ ಮೊಮ್ಮಕ್ಕಳು?" ಯಜಮಾನರು ಸ್ಕ್ರೀನಿನ ಹತ್ತಿರ ಮುಖ ತಂದರು. "ಇನ್ನೊಮ್ಮೆ ಓಡ್ಸವಾ." ಮೂರು ಸಲ ಓಡಿಸಿದೆ. ಮೂರು ಸಲವೂ ಅವರು ಇದ್ದರು.

ಹೊತ್ತು ಮುಳುಗುವ ಮೊದಲೇ ಅಗಡಿಗೆ ಮರಳಿದೆವು. ಈ ಸಲ ಕಾಗದ ಮೊದಲಿನ ಎರಡು ಪಟ್ಟು ಉದ್ದವಿತ್ತು. ನಿಂತೇ ಹೇಳಿದೆ. ಅಪ್ಪ ಎದುರಿಗೆ ಕೂತು ಬೆರಳಿನ ಗೆಣ್ಣು ಎಣಿಸುತ್ತ ಹೋದ. ಕೊನೆಯ ಕೂಸಿನ ಹೆಸರು ಹೇಳಿ ನಾನು ಉಸಿರು ಬಿಟ್ಟಾಗ ಗುತ್ತೆವ್ವ, "ಯಾರೂ ತಪ್ಪಿಲ್ಲ," ಅಂದಳು.

ಯಜಮಾನರ ತಮ್ಮ ಗುಡದಪ್ಪನವರು ಮೊರದ ತುಂಬ ಬಿಳಿಜೋಳ ತಂದು, ಪದ್ಧತಿಯಂತೆ ಅಪ್ಪನ ಮುಂದೆ ಹಿಡಿದರು. ಹೆಳವ ಹೆಗಲಿನ ವಸ್ತ್ರ ಹಾಸಬೇಕು, ಕಾಳು ಅದರಲ್ಲಿ ಬೀಳಬೇಕು. ಹೇಳಿದವನಿಗೆ ಕಾಳು, ಕಾಳು ಪಡೆದವನಿಗೆ ಮನೆ. ಅಪ್ಪ ವಸ್ತ್ರವನ್ನು ಹೆಗಲಿನಿಂದ ತೆಗೆದ. ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಗುಡದಪ್ಪನವರಿಗೆ ತಿಳಿಯಲಿಲ್ಲ, ಅಣ್ಣನ ಮುಖ ನೋಡಿದರು.

"ಹೇಳಿದಾಕಿಗೆ ಹಾಕೋ," ಅಂದರು ನಿಜಲಿಂಗಪ್ಪನವರು.

ನಾನು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಉಡಿ ಒಡ್ಡಿದೆ. ಜೋಳ ಸುರಿಯಿತು. ಕಣ್ಣು ತುಂಬಿ ಅಂಗಳವೆಲ್ಲ ಮಂಜಾಗಿ ಕಂಡಿತು. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಗುಡದಪ್ಪನವರು ಅರ್ಧಕ್ಕೆ ಕೈ ತಡೆದರು. "ಹೆಣ್ಮಗಳು, ಹೊರೂದು ಆಗಬೇಕಲ್ಲ. ಸಾಕೇನವಾ?"

"ಸಾಲೂದಿಲ್ರಿ," ಅಂದೆ. "ಪೂರಾ ಹಾಕ್ರಿ."